ಚೆಂಡು ಗಾಳಿಯಲ್ಲಿದ್ದಾಗ

2017ರ ಏಪ್ರಿಲ್ 1, ಅರಿಜೋನಾದ ಗ್ಲೆಂಡೇಲ್. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಸೆಮಿಫೈನಲ್. ನಾರ್ತ್ ಕೆರೊಲಿನಾ 77, ಒರೆಗಾನ್ 76. ಆಟ ಮುಗಿಯಲು ಆರು ಸೆಕೆಂಡೂ ಉಳಿದಿಲ್ಲ. ನಾರ್ತ್ ಕೆರೊಲಿನಾದ ಭಾರೀ ಮೈಕಟ್ಟಿನ ಸೆಂಟರ್ ಕೆನಡಿ ಮೀಕ್ಸ್‌ಗೆ ಎರಡು ಫ್ರೀ ಥ್ರೋ ಸಿಕ್ಕಿವೆ. ಮೊದಲನೆಯದು ತಪ್ಪಿತು. ಎರಡನೆಯದೂ ತಪ್ಪಿತು. ಆ ಚೆಂಡು ಒರೆಗಾನ್ ಕೈಗೆ ಸಿಕ್ಕಿದ್ದರೆ ಓಡಿಹೋಗಿ ಗೆಲ್ಲುವ ಅವಕಾಶವೊಂದು ಇತ್ತು. ಆದರೆ ಥಿಯೋ ಪಿನ್ಸನ್ ನಡುವೆ ನುಗ್ಗಿ, ಹಿಡಿಯಲಾಗದಿದ್ದರೂ ಬೆರಳ ತುದಿಯಿಂದ ಅದನ್ನು ಹಿಂದಕ್ಕೆ ತಟ್ಟಿದ. ಚೆಂಡು ಜೋಯಲ್ ಬೆರಿಯ ಪಾಲಾಯಿತು. ಗಡಿಯಾರ ನಿಲ್ಲಿಸಲು ಒರೆಗಾನ್‌ಗೆ ಫೌಲ್ ಮಾಡದೆ ವಿಧಿಯಿರಲಿಲ್ಲ. ನಾಲ್ಕು ಸೆಕೆಂಡು ಬಾಕಿಯಿದ್ದಾಗ ಬೆರಿಗೂ ಎರಡು ಫ್ರೀ ಥ್ರೋ. ಅವನೂ ಎರಡನ್ನೂ ಕಳೆದುಕೊಂಡ. ಈ ಸಲ ಹಿಡಿದವನು ಮೀಕ್ಸ್. ಗಡಿಯಾರ ಸೊನ್ನೆ ಮುಟ್ಟಿತು.

ನಮ್ಮಲ್ಲಿ ಆಗ ಭಾನುವಾರ ಬೆಳಗಿನ ತಿಂಡಿಯ ಹೊತ್ತು. ಆಮೇಲೆ ಎಷ್ಟು ಸಲ ವಿಡಿಯೋ ಹಾಕಿ ನೋಡಿದರೂ ನನ್ನ ಬೆರಗು ಕರಗಿಲ್ಲ. ಸತತ ನಾಲ್ಕು ಎಸೆತ ತಪ್ಪಿಸಿಯೂ ಗೆಲ್ಲಬಹುದು ಎಂದರೆ ಯಾರು ನಂಬುತ್ತಾರೆ? ಅದೂ ಫ್ರೀ ಥ್ರೋದಲ್ಲಿ. ಉಳಿದ ಹೊತ್ತಿನಲ್ಲಿ ಚೆಂಡು ಯಾವಾಗ ಎಲ್ಲಿಂದ ಹಾರೀತು ಎಂಬ ಗೊಂದಲವಾದರೂ ಇರುತ್ತದೆ. ಫ್ರೀ ಥ್ರೋ ಎಂದರೆ ಎಲ್ಲರೂ ಸಾಲಾಗಿ ನಿಂತು ಕಾಯುವ ಗಳಿಗೆ. ಮೇಲಾಗಿ ನಿಯಮವೇ ರಕ್ಷಣೆಯ ತಂಡದ ಪಕ್ಷ ವಹಿಸುತ್ತದೆ. ರಿಂಗಿಗೆ ತೀರಾ ಹತ್ತಿರದ ಜಾಗಗಳು ಅವರವು, ಸಾಲಿನಲ್ಲಿ ನಿಲ್ಲುವವರಲ್ಲೂ ಅವರೇ ಹೆಚ್ಚು. ಜಾಗ ಅವರದು, ಸಂಖ್ಯೆ ಅವರದು, ಮುನ್ಸೂಚನೆ ಇಬ್ಬರಿಗೂ ಸಮ. ಆದರೂ ಎರಡೂ ಸಲ ಚೆಂಡು ಹೊರಗಿನಿಂದ ಬಂದವನಿಗೇ ಸಿಕ್ಕಿತು.

ಇಂಥದ್ದು ನಡೆದಾಗ ಟಿವಿ ಕಾಮೆಂಟೇಟರ್‌ಗಳು ಹೇಳುವ ಮಾತೊಂದಿದೆ: ಅವನಿಗೆ ಅದು ಹೆಚ್ಚು ಬೇಕಾಗಿತ್ತು. ಈ ಮಾತು ಕೇಳಿದರೆ ನನಗೆ ಮೈಯುರಿಯುತ್ತದೆ. ಆ ರಾತ್ರಿ ರಿಂಗಿನ ಕೆಳಗೆ ಒರೆಗಾನ್ ಪರವಾಗಿ ನಿಂತಿದ್ದವನು ಜೋರ್ಡನ್ ಬೆಲ್. ಅಷ್ಟು ಹೊತ್ತಿಗೆ ಅವನು ಹಿಡಿದಿದ್ದ ರೀಬೌಂಡ್‌ಗಳು, ಅಂದರೆ ಗುರಿ ತಪ್ಪಿ ಮರಳಿದ ಚೆಂಡುಗಳು, 16. ಒರೆಗಾನ್ ಈ ಹಂತಕ್ಕೆ ಬಂದದ್ದೇ 1939ರ ನಂತರ ಮೊದಲ ಬಾರಿಗೆ. ಆ ವರ್ಷ ನಡೆದ ಮೊತ್ತಮೊದಲ ಎನ್‌ಸಿಎಎ ಕಾಲೇಜು ಟೂರ್ನಿಯನ್ನು ಗೆದ್ದವರು ಅವರೇ. ಅಂಥ ರಾತ್ರಿ ಅಂಥ ಹುಡುಗನಿಗೆ ಆ ಚೆಂಡು ಕಡಿಮೆ ಬೇಕಾಗಿತ್ತೇ? ಆಟ ಮುಗಿದ ಮೇಲೆ ಡ್ರೆಸ್ಸಿಂಗ್ ರೂಮಿನಲ್ಲಿ ಅವನು ಅತ್ತ. ತಾನು ಎದುರಾಳಿಯನ್ನು ತಡೆದು ನಿಲ್ಲದೇ ಹೋದದ್ದೇ ಸೋಲಿಗೆ ಕಾರಣ ಎಂದ. ಆಸೆಯ ಅಳತೆಗೋಲಿನಿಂದ ಈ ಲೆಕ್ಕ ಬಗೆಹರಿಯುವುದಿಲ್ಲ.

ನನಗೆ ತೋಚುವುದು ಬೇರೆ. ಚೆಂಡು ಕೈಬಿಟ್ಟು ರಿಂಗ್ ಸೇರುವ ತನಕ ಒಂದು ಸೆಕೆಂಡು, ದೂರದಿಂದಾದರೆ ಒಂದೂವರೆ. ಆ ಹೊತ್ತಿನಲ್ಲಿ ಇಡೀ ಕ್ರೀಡಾಂಗಣ ತಲೆ ಎತ್ತುತ್ತದೆ. ಕಮಾನಾಗಿ ಏರಿ ಇಳಿಯುವ ಚೆಂಡು ಅಷ್ಟು ಚೆಂದ. ಮೇಲಿನ ಸಾಲಿನ ಪ್ರೇಕ್ಷಕ ನೋಡುತ್ತಾನೆ, ಬೆಂಚಿನ ಮೇಲಿನ ಕೋಚ್ ನೋಡುತ್ತಾರೆ, ರೆಫರಿ ನೋಡುತ್ತಾರೆ, ಎಸೆದವನಂತೂ ಮುಂಗೈ ಬಗ್ಗಿಸಿಕೊಂಡು ಹಾಗೇ ನಿಂತುಬಿಡುತ್ತಾನೆ. ಅಂಕಣದ ಹತ್ತು ಜನರಲ್ಲಿ ಬಹುಪಾಲು ಮಂದಿ ಆ ಕ್ಷಣಕ್ಕೆ ಟಿಕೆಟ್ ಕೊಳ್ಳದ ಪ್ರೇಕ್ಷಕರೇ. ರೀಬೌಂಡ್ ಹಿಡಿಯುವವನು ಮಾತ್ರ ಪ್ರೇಕ್ಷಕನಾಗಲು ಒಪ್ಪುವುದಿಲ್ಲ. ಚೆಂಡು ಒಳಗೆ ಬೀಳುತ್ತದೋ ಇಲ್ಲವೋ ಎಂಬ ಕುತೂಹಲವನ್ನೇ ಅವನು ಬಿಟ್ಟುಕೊಟ್ಟಿರುತ್ತಾನೆ. ಎಲ್ಲರ ಪಾಲಿಗೆ ಅದು ಇನ್ನೂ ಒಂದು ಎಸೆತ. ಅವನ ಪಾಲಿಗೆ ಆಗಲೇ ತಪ್ಪಿಹೋದ ಎಸೆತ.

ಹಾಗೆ ನೋಡಿದರೆ ಈ ಆಟದ ಹುಟ್ಟಿನಲ್ಲೇ ಪ್ರೇಕ್ಷಕರದೊಂದು ಕಿತಾಪತಿ ಇದೆ. 1891ರ ಡಿಸೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿಗಳನ್ನು ಜಿಮ್‌ನ ಬಾಲ್ಕನಿ ಅಂಚಿಗೆ ಮೊಳೆ ಹೊಡೆದು ಕೂರಿಸಿದರು. ರಿಂಗಿಗೆ ಹತ್ತು ಅಡಿ ಎತ್ತರ ಬಂದದ್ದು ಆ ಬಾಲ್ಕನಿಯಿಂದ. ಬುಟ್ಟಿಯ ಹಿಂದೆ ಹಲಗೆ ಇರಲಿಲ್ಲ. ಮೇಲೆ ನಿಂತವರು ಕೈಚಾಚಿ ತಮಗೆ ಬೇಕಾದ ತಂಡದ ಚೆಂಡನ್ನು ಒಳಗೆ ತಳ್ಳುವುದು, ಬೇಡದ್ದನ್ನು ಆಚೆ ನೂಕುವುದು ಶುರುವಾಯಿತು. ಅವರ ಕೈ ತಡೆಯಲೆಂದೇ ಹಿಂದೆ ಜಾಲರಿ ಬಂತು, ಆಮೇಲೆ ಹಲಗೆ ಬಂತು. ಚೆಂಡು ಅದಕ್ಕೆ ಬಡಿದು ಮತ್ತೆ ಅಂಕಣಕ್ಕೇ ಮರಳತೊಡಗಿತು. ಇವತ್ತಿನ ರೀಬೌಂಡ್‌ನ ಅರ್ಧ ವಿದ್ಯೆ ನಿಂತಿರುವುದು ಆ ಹಲಗೆಯ ಮೇಲೆ.

ಉಳಿದರ್ಧ ರಿಂಗಿನ ಮೇಲೆ. ರಿಂಗಿನ ಅಗಲ 18 ಅಂಗುಲ, ಚೆಂಡಿನದು ಒಂಬತ್ತೂವರೆಯ ಆಸುಪಾಸು. ಜಾಗ ಧಾರಾಳವಾಗಿಯೇ ಇದೆ ಅನ್ನಿಸುತ್ತದೆ. ಆದರೂ ಕಾಲೇಜು ತಂಡಗಳ ಎಸೆತಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪುತ್ತವೆ. ತಪ್ಪುವುದಕ್ಕೂ ಒಂದು ರೀತಿ ನೀತಿ ಇದೆ. ಮೂಲೆಯಿಂದ ಎಸೆದದ್ದು ಹೆಚ್ಚಾಗಿ ಎದುರು ಮಗ್ಗುಲಿಗೆ ಹಾರುತ್ತದೆ. ದೂರದಿಂದ ಬಂದದ್ದು ದೂರಕ್ಕೇ ಪುಟಿಯುತ್ತದೆ. ಹಿಮ್ಮುಖವಾಗಿ ತಿರುಗುತ್ತ ಬಂದ ಚೆಂಡು ರಿಂಗಿಗೆ ತಾಗಿದಾಗ ವೇಗ ಕಳೆದುಕೊಂಡು ಮೆತ್ತಗೆ ಬೀಳುತ್ತದೆ, ತಿರುಗದೆ ಬಂದದ್ದು ಕಲ್ಲಿನಂತೆ ಸಿಡಿಯುತ್ತದೆ. ಡೆನಿಸ್ ರಾಡ್‌ಮನ್ ಇದನ್ನೆಲ್ಲ ಕಂಠಪಾಠ ಮಾಡಿದವನು. ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ರಾತ್ರಿ ಪಾಳಿಯಲ್ಲಿ ಕಸ ಗುಡಿಸುತ್ತಿದ್ದ ಹುಡುಗ. ಹೈಸ್ಕೂಲ್ ಮುಗಿದ ಮೇಲೆ ಏಕಾಏಕಿ ಉದ್ದ ಬೆಳೆದು, ಓಕ್ಲಹೋಮಾದ ಡ್ಯುರಾಂಟ್ ಎಂಬ ಸಣ್ಣ ಊರಿನ ಕಾಲೇಜು ಸೇರಿದ. ಗೆಳೆಯರನ್ನು ನಡುರಾತ್ರಿ ಜಿಮ್‌ಗೆ ಕರೆದೊಯ್ದು, ಅಲ್ಲಿಂದ ಎಸೆಯಿರಿ, ಇಲ್ಲಿಂದ ಎಸೆಯಿರಿ ಎಂದು ಹೇಳಿ, ಚೆಂಡು ಎತ್ತ ಪುಟಿಯುತ್ತದೆಂದು ನೋಡುತ್ತ ಕೂರುತ್ತಿದ್ದ ಬಗೆಯನ್ನು ಅವನು 2020ರ ‘ದ ಲಾಸ್ಟ್ ಡ್ಯಾನ್ಸ್’ ಸಾಕ್ಷ್ಯಚಿತ್ರದಲ್ಲಿ ಕೈ ಆಡಿಸುತ್ತ ವಿವರಿಸುತ್ತಾನೆ. ಮುಂದೆ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಸತತ ಏಳು ವರ್ಷ ರೀಬೌಂಡ್ ಪಟ್ಟಿಯ ನೆತ್ತಿಯ ಮೇಲೆ ಕೂತ.

ಚೆಂಡು ಪುಟಿಯುವ ಈ ಗಣಿತ ಗೊತ್ತಿದ್ದರೆ ಸಾಲದು. ಅದೇ ಗಣಿತ ಪಕ್ಕದವನಿಗೂ ಗೊತ್ತಿರುತ್ತದೆ. ಹಾಗಾಗಿ ಬಾಕ್ಸ್ ಔಟ್. ನೋಡುವವರ ಕಣ್ಣಿಗೆ ಬೀಳದ ಕೆಲಸ ಇದು. ಎದುರಾಳಿಯ ಕೈಯಿಂದ ಚೆಂಡು ಹೊರಟ ಕೂಡಲೇ ರಕ್ಷಕ ಮೊದಲು ಚೆಂಡಿನಿಂದ ಕಣ್ಣು ತೆಗೆಯಬೇಕು. ತನ್ನ ಪಾಲಿನ ಮನುಷ್ಯ ಎಲ್ಲಿದ್ದಾನೆಂದು ನೋಡಬೇಕು, ಮುಂಗೈಯಿಂದ ಅವನ ಎದೆ ಮುಟ್ಟಿ ಗುರುತು ಹಿಡಿಯಬೇಕು, ಒಂದು ಕಾಲಿನ ಮೇಲೆ ತಿರುಗಿ ಬೆನ್ನನ್ನು ಅವನಿಗೆ ಒತ್ತಿ ನಿಲ್ಲಬೇಕು. ಮೊಣಕಾಲು ಬಗ್ಗಿಸಿ, ಸೊಂಟ ತಗ್ಗಿಸಿ, ಮೊಣಕೈ ಅಗಲಿಸಿ, ಮಳೆಗಾಳಿಗೆ ತೆರೆದುಕೊಳ್ಳುವ ಬಾಗಿಲಿಗೆ ಬೆನ್ನು ಕೊಟ್ಟು ನಿಂತ ಹಾಗೆ. ಹಿಂದಿನವನು ಎಡಕ್ಕೆ ಸರಿದರೆ ತೊಡೆಗೆ ಗೊತ್ತಾಗಬೇಕು, ಬಲಕ್ಕೆ ಸರಿದರೆ ಪಕ್ಕೆಗೆ ಗೊತ್ತಾಗಬೇಕು. ಆಮೇಲೆ ತಲೆ ಎತ್ತಿ ಚೆಂಡು ಹುಡುಕಬೇಕು. ಇದೆಲ್ಲ ಆ ಒಂದು ಸೆಕೆಂಡಿನೊಳಗೆ.

ಎಲ್ಲ ಕಣ್ಣುಗಳೂ ಚೆಂಡಿಗೆ ಅಂಟಿಕೊಂಡಿರುವಾಗ ತನಗೆ ಬೇಕಾದ ವಸ್ತುವಿನಿಂದಲೇ ಕಣ್ಣು ಕಿತ್ತು ಪಕ್ಕದ ಮನುಷ್ಯನನ್ನು ನೋಡುವುದು! ಬ್ಯಾಸ್ಕೆಟ್‌ಬಾಲ್‌ನಲ್ಲಿ ನನಗೆ ಇದಕ್ಕಿಂತ ಅಸಹಜವಾಗಿ ಕಾಣುವ ಕ್ರಿಯೆ ಇನ್ನೊಂದಿಲ್ಲ. ಇಷ್ಟು ಮಾಡಿಯೂ ಎಷ್ಟೋ ಸಲ ಚೆಂಡು ತಡೆದು ನಿಂತವನಿಗೆ ಸಿಗುವುದಿಲ್ಲ. ಅವನು ಮಾಡಿಕೊಟ್ಟ ತೆರವಿನಲ್ಲಿ ಇನ್ನೊಬ್ಬ ಸಹ ಆಟಗಾರ ಆರಾಮಾಗಿ ಬಂದು ಎತ್ತಿಕೊಳ್ಳುತ್ತಾನೆ. ಲೆಕ್ಕದ ಹಾಳೆಯಲ್ಲಿ ಬರೆಯುವುದು ಎತ್ತಿಕೊಂಡವನ ಹೆಸರು. ಇದನ್ನು ಕಲಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಮಿಷಿಗನ್ ಸ್ಟೇಟ್‌ನ ಕೋಚ್ ಟಾಮ್ ಇಝೋ ಅವರ ಅಭ್ಯಾಸವೇ ಸಾಕ್ಷಿ. ಹುಡುಗರಿಗೆ ಅಮೆರಿಕನ್ ಫುಟ್‌ಬಾಲ್‌ನ ಹೆಲ್ಮೆಟ್ಟು, ಭುಜದ ಪ್ಯಾಡು ತೊಡಿಸಿ ರಿಂಗಿನ ಕೆಳಗೆ ಬಿಟ್ಟವರು ಅವರು. 2000ದಲ್ಲಿ ಅವರ ತಂಡ ಚಾಂಪಿಯನ್ ಆಯಿತು.

ಎಲ್ಲ ಗಣಿತವನ್ನೂ ಬುಡಮೇಲು ಮಾಡಿದ ಚೆಂಡೊಂದಿದೆ. 1983ರ ಏಪ್ರಿಲ್ 4, ಆಲ್ಬುಕರ್ಕಿ, ಅದೇ ಕಾಲೇಜು ಟೂರ್ನಿಯ ಫೈನಲ್. ಒಂದೆಡೆ ಹಾರಿ ಹಾರಿ ಡಂಕ್ ಮಾಡುವುದಕ್ಕೇ ಹೆಸರಾದ ಹ್ಯೂಸ್ಟನ್, ಅವರ ಕಡೆ ಹಕೀಮ್ ಒಲಾಜುವನ್. ಇನ್ನೊಂದೆಡೆ ಗೆಲ್ಲುತ್ತಾರೆಂದು ಯಾರೂ ಎಣಿಸದ ನಾರ್ತ್ ಕೆರೊಲಿನಾ ಸ್ಟೇಟ್. 52-52. ಕೊನೆಯ ಗಳಿಗೆಯಲ್ಲಿ ಡೆರೆಕ್ ವಿಟನ್‌ಬರ್ಗ್ ಸುಮಾರು 30 ಅಡಿ ದೂರದಿಂದ ಎಸೆದ. ಚೆಂಡು ರಿಂಗ್ ಮುಟ್ಟಲೇ ಇಲ್ಲ, ಮುಂದೆಯೇ ಇಳಿಯಿತು. ಕ್ರೀಡಾಂಗಣದ ಕತ್ತುಗಳೆಲ್ಲ ಆ ಕಮಾನಿನ ಹಿಂದೆಯೇ ಹೋಗಿದ್ದವು. ಎರಡನೇ ವರ್ಷದ ವಿದ್ಯಾರ್ಥಿ ಲೊರೆಂಜೊ ಚಾರ್ಲ್ಸ್ ಮಾತ್ರ ಇಳಿಯುವ ಜಾಗದಲ್ಲಿದ್ದ. ಗಾಳಿಯಲ್ಲೇ ಹಿಡಿದು ಎರಡೂ ಕೈಯಿಂದ ಒಳಗೆ ಇಳಿಸಿದ. 54-52. ಕೋಚ್ ಜಿಮ್ ವಾಲ್ವಾನೊ ತಬ್ಬಿಕೊಳ್ಳಲು ಯಾರಾದರೂ ಸಿಗುತ್ತಾರೆಯೇ ಎಂದು ಅಂಕಣವಿಡೀ ಓಡಾಡಿದ್ದು ಇವತ್ತಿಗೂ ಟೂರ್ನಿ ನಡೆಯುವ ಪ್ರತಿ ಮಾರ್ಚ್‌ನಲ್ಲಿ ಟಿವಿಯಲ್ಲಿ ಬರುತ್ತದೆ. ವಿಟನ್‌ಬರ್ಗ್ ಆಮೇಲೆ ವರ್ಷಗಟ್ಟಲೆ ಅದು ಎಸೆತವಲ್ಲ, ಪಾಸ್ ಎಂದು ತಮಾಷೆ ಮಾಡುತ್ತ ಬಂದ. ಚಾರ್ಲ್ಸ್ ನಂತರದ ದಿನಗಳಲ್ಲಿ ರಾಲಿ ಊರಿನಲ್ಲಿ ಬಸ್ ಓಡಿಸುತ್ತಿದ್ದ. 2011ರಲ್ಲಿ ಅಪಘಾತದಲ್ಲಿ ತೀರಿಕೊಂಡ. ಅಂದು ಅವನು ಹಾಗೆ ನಿಂತದ್ದು ಅದೃಷ್ಟ ಎನ್ನುವವರಿದ್ದಾರೆ. ಇರಬಹುದು. ಆದರೆ ಆ ಸೀಸನ್‌ನಲ್ಲಿ, ಆ ಆಟದಲ್ಲಿ, ಎಷ್ಟೋ ಸಲ ಅದೇ ಜಾಗಕ್ಕೆ ಹೋಗಿ ಬರಿಗೈಯಲ್ಲಿ ಹಿಂದಿರುಗಿದ್ದನ್ನು ಯಾರೂ ಬರೆದಿಟ್ಟಿಲ್ಲ.

ಬರೆದಿಟ್ಟದ್ದು ಏನಿದೆಯೋ ಅದೂ ಸೋಜಿಗವೇ. 1953ರ ಫೆಬ್ರುವರಿ 14ರಂದು ವರ್ಜೀನಿಯಾ ವಿರುದ್ಧ ವಿಲಿಯಂ ಅಂಡ್ ಮೇರಿ ಕಾಲೇಜಿನ ಬಿಲ್ ಚೇಂಬರ್ಸ್ ಒಂದೇ ಆಟದಲ್ಲಿ 51 ರೀಬೌಂಡ್ ಹಿಡಿದ. ಲಾ ಸಾಲ್‌ನ ಟಾಮ್ ಗೋಲಾ ನಾಲ್ಕು ವರ್ಷದಲ್ಲಿ 2,201. ಇವು ಮುರಿಯುವ ದಾಖಲೆಗಳಲ್ಲ. ಅಂದಿನವರು ಇಂದಿನವರಿಗಿಂತ ಮೇಲೆ ಎಂದು ಇದರ ಅರ್ಥವಾಗುವುದಿಲ್ಲ; ಅಂದು ಎಸೆತಗಳು ಇಂದಿಗಿಂತ ಹೆಚ್ಚು ತಪ್ಪುತ್ತಿದ್ದವು. ಒಬ್ಬ 51 ಸಲ ಹಿಡಿಯಬೇಕಾದರೆ ಎಸೆದವರು ಕನಿಷ್ಠ 51 ಸಲ ಎಡವಬೇಕು. ಆ ಸಂಜೆ ಆ ಜಿಮ್ ತುಂಬ ಸುರಿದ ತಪ್ಪುಗಳನ್ನು ನೆನೆದರೆ ನಗು ಬರುತ್ತದೆ. ಹೆಣ್ಣುಮಕ್ಕಳ ಆಟದಲ್ಲಿ ಓಕ್ಲಹೋಮಾದ ಕೋರ್ಟ್ನಿ ಪ್ಯಾರಿಸ್ 2,034 ಹಿಡಿದು 2009ರಲ್ಲಿ ಕಾಲೇಜು ಮುಗಿಸಿದಳು. ಸತತ 112 ಪಂದ್ಯಗಳಲ್ಲಿ ಅಂಕವೂ ರೀಬೌಂಡೂ ಎರಡಂಕಿ ಮುಟ್ಟಿದ್ದವು. ಯಾರಿಗೂ ಒಂದು ಜ್ವರ, ಒಂದು ಬೇಸರದ ದಿನ ಬರುವುದಿಲ್ಲವೇ? ಆ 112ನ್ನು ಓದಿದಾಗ ನನಗೆ ಬರುವ ಮೊದಲ ಪ್ರಶ್ನೆ ಅದು.

ಇಷ್ಟೆಲ್ಲ ದುಡಿಮೆಗೆ ಫಲ ಸಿಗುತ್ತದೆಯೇ ಎಂದರೆ, ಆಟ ಅಂಥ ಮಾತು ಕೊಟ್ಟಿಲ್ಲ. ತನ್ನ ತಂಡದ ಎಸೆತ ತಪ್ಪಿದಾಗ ಚೆಂಡು ಮರಳಿ ತನ್ನವರಿಗೇ ಸಿಗುವುದು ಹತ್ತರಲ್ಲಿ ಮೂರು ಸಲ ಮಾತ್ರ. ಅಂದರೆ ಆ ಕಡೆ ನುಗ್ಗುವವನ ಬಹುಪಾಲು ಓಟ ಹೇಗೂ ದಂಡ. ಕಾಂಗೋದ ಲುಬುಂಬಾಷಿಯಿಂದ ಬಂದ ಆಸ್ಕರ್ ಶಿಬ್ವೆಯನ್ನೇ ನೋಡಿ. ಚಿಕ್ಕಂದಿನಲ್ಲಿ ಫುಟ್‌ಬಾಲ್ ಆಡಿಕೊಂಡಿದ್ದ ಹುಡುಗ. ಕೆಂಟಕಿ ವಿಶ್ವವಿದ್ಯಾಲಯದಲ್ಲಿ 2021-22ರ ಸೀಸನ್‌ನಲ್ಲಿ ಆಟಕ್ಕೆ ಸರಾಸರಿ 15ಕ್ಕಿಂತ ಹೆಚ್ಚು ರೀಬೌಂಡ್ ಹಿಡಿದು ದೇಶದ ಶ್ರೇಷ್ಠ ಕಾಲೇಜು ಆಟಗಾರ ಎನಿಸಿಕೊಂಡ. ಆ ಮಾರ್ಚ್‌ನಲ್ಲಿ ಟೂರ್ನಿಯ ಮೊದಲ ಸುತ್ತಿನ ಎದುರಾಳಿ, ನ್ಯೂಜೆರ್ಸಿಯ ಪುಟ್ಟ ಕಾಲೇಜು ಸೇಂಟ್ ಪೀಟರ್ಸ್. ಶಿಬ್ವೆ 30 ಅಂಕ ಗಳಿಸಿದ, 16 ರೀಬೌಂಡ್ ಹಿಡಿದ. ಹೆಚ್ಚುವರಿ ಅವಧಿಯಲ್ಲಿ ಕೆಂಟಕಿ 85-79ರಿಂದ ಸೋತಿತು.

ಅಷ್ಟು ಹೆಸರು ಬಂದ ಮೇಲೆ ವೃತ್ತಿಪರ ಆಟಕ್ಕೆ ಹೋಗಬಹುದಿತ್ತು; ಅವನು ಮತ್ತೊಂದು ವರ್ಷಕ್ಕೆ ಅದೇ ಜಿಮ್‌ಗೆ ಮರಳಿದ. 2023ರ ಮಾರ್ಚ್‌ನಲ್ಲಿ ಪ್ರಾವಿಡೆನ್ಸ್ ವಿರುದ್ಧ 25 ರೀಬೌಂಡ್. ಎರಡು ದಿನ ಬಿಟ್ಟು ಕ್ಯಾನ್ಸಸ್ ಸ್ಟೇಟ್ ವಿರುದ್ಧ 18. ಆ ಪಂದ್ಯದಲ್ಲಿ ಕೆಂಟಕಿ ಮತ್ತೆ ಸೋತು ಹೊರಬಿತ್ತು. ಜೂನ್‌ನಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಎನ್‌ಬಿಎ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಅವನ ಹೆಸರು ಕೂಗಲಿಲ್ಲ. ಇಂದಿನ ಆಟಕ್ಕೆ ಎತ್ತರ ಸಾಲದು, ದೂರದ ಎಸೆತ ಇಲ್ಲ ಎಂಬುದು ಬಲ್ಲವರ ತೀರ್ಮಾನ. ಅದು ತಪ್ಪೆಂದು ನಾನೂ ವಾದಿಸಲಾರೆ. ಕೆಳಹಂತದ ಜಿ ಲೀಗ್‌ಗೆ ಹೋದ. ಅಲ್ಲಿಯ ರೀಬೌಂಡ್ ಪಟ್ಟಿಯಲ್ಲೂ ಮೇಲಿನ ಹೆಸರು ಅವನದೇ ಆಗಿತ್ತು.