ಎಷ್ಟು ಹೋಯಿತು?

ಯಾರ ಮನೆಯಲ್ಲಾದರೂ ಕಳವಾಯಿತೆಂದರೆ ನಾವು ಮೊದಲು ಕೇಳುವುದು, 'ಎಷ್ಟು ಹೋಯಿತು?' ಎಂದು. 'ಏನು ಹೋಯಿತು?' ಎಂದು ಕೇಳುವವರು ಕಡಿಮೆ. ಈ ಎರಡು ಪ್ರಶ್ನೆಗಳ ನಡುವೆ ಬಹಳ ಅಂತರವಿದೆ ಎಂದು ಈಚೆಗೆ ನನಗೆ ಅನ್ನಿಸತೊಡಗಿದೆ.

ಹಿಂದೆ ಕಳ್ಳ ಹೆಂಚು ತೆಗೆದು ಇಳಿಯುತ್ತಿದ್ದ. ಅಂಗಳದ ಮಣ್ಣಿನಲ್ಲಿ ಹೆಜ್ಜೆಯ ಗುರುತು ಉಳಿಯುತ್ತಿತ್ತು. ಇದು ಯಾರ ಕೈಕೆಲಸವೆಂದು ಊರಿನ ಪೊಲೀಸಿನವರಿಗೆ ಒಂದು ಅಂದಾಜಾದರೂ ಇರುತ್ತಿತ್ತು. ಈಗಿನ ಕಳ್ಳ ಬಾಗಿಲು ಮುರಿಯುವುದಿಲ್ಲ; ಫೋನು ಮಾಡಿ, ನಮ್ಮ ಕೈಯಿಂದಲೇ ಬಾಗಿಲು ತೆಗೆಸುತ್ತಾನೆ. ಅವನು ಕೂತಿರುವುದು ಒಂದು ರಾಜ್ಯದಲ್ಲಿ, ಸಿಮ್ ಇನ್ಯಾರದೋ ಹೆಸರಿನಲ್ಲಿ, ಹಣ ಸೇರುವ ಖಾತೆ ಮತ್ತೊಂದು ರಾಜ್ಯದ ಯಾರೋ ಬಡ ಹುಡುಗನದು.

ಇವನ ಬೆನ್ನು ಹತ್ತುವವರಿಗೆ ಇರುವ ಬಲವೆಷ್ಟು? ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದು 2000ದ ಅಕ್ಟೋಬರಿನಲ್ಲಿ. ಮರುವರ್ಷ ಬೆಂಗಳೂರಿನಲ್ಲಿ ಸಿಐಡಿಯ ಸೈಬರ್ ಅಪರಾಧ ಠಾಣೆ ಶುರುವಾಯಿತು. ಈಗ ಜಿಲ್ಲೆಗಳಲ್ಲಿ ಸಿಇಎನ್ ಠಾಣೆಗಳಿವೆ. ಸೈಬರ್, ಆರ್ಥಿಕ, ಮಾದಕ ವಸ್ತು, ಮೂರೂ ಬಗೆಯ ಅಪರಾಧಗಳ ಹೊರೆ ಅವುಗಳ ಮೇಲೆ. ಈ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. 2009ರವರೆಗೆ ಡಿವೈಎಸ್‌ಪಿಯೇ ಬೇಕಾಗಿತ್ತು. 2023ರಲ್ಲಿ ದೇಶದಲ್ಲಿ ದಾಖಲಾದ ಸೈಬರ್ ಪ್ರಕರಣಗಳು 86,420. ಅದರಲ್ಲಿ ನಮ್ಮ ಕರ್ನಾಟಕದ ಪಾಲೇ 21,889. ಒಂದೊಂದಕ್ಕೂ ಬ್ಯಾಂಕಿಗೆ ಪತ್ರ, ಫೋನ್ ಕಂಪನಿಗೆ ಪತ್ರ, ಉತ್ತರಕ್ಕೆ ಕಾಯುವುದು. ಕಂಪ್ಯೂಟರಿನಿಂದ ತೆಗೆದ ದಾಖಲೆಯ ಜೊತೆಗೆ ಕಾನೂನು ಹೇಳಿದ ಪ್ರಮಾಣಪತ್ರವಿಲ್ಲದಿದ್ದರೆ ನ್ಯಾಯಾಲಯದಲ್ಲಿ ಅದು ನಿಲ್ಲುವುದೂ ಕಷ್ಟ.

ನಮ್ಮ ಬೀದಿಯಲ್ಲಿ ರವಿಕೆ ಹೊಲಿದು ಸಂಸಾರ ತೂಗಿಸುವ ಹೆಣ್ಣುಮಗಳೊಬ್ಬಳಿದ್ದಾಳೆ. 'ಕರೆಂಟ್ ಬಿಲ್ ಬಾಕಿ ಇದೆ, ಇವತ್ತು ರಾತ್ರಿ ಲೈನ್ ಕಟ್ ಮಾಡುತ್ತೇವೆ' ಎಂದು ಅವಳಿಗೊಂದು ಕರೆ ಬಂತು. ಮಗಳ ಪಿಯುಸಿ ಫೀಜಿಗೆಂದು ಕೂಡಿಟ್ಟಿದ್ದ 14,000 ರೂಪಾಯಿ ಖಾತೆಯಿಂದ ಹೋಯಿತು. ಮೂರು ದಿನ ಯಾರಿಗೂ ಹೇಳಲಿಲ್ಲ. ನಾಲ್ಕನೆಯ ದಿನ ನನ್ನ ಬಳಿ ಬಂದು, 'ಟೀಚರಮ್ಮ, ನಮ್ಮ ಮನೆಯವರಿಗೆ ಮಾತ್ರ ಗೊತ್ತಾಗಬಾರದು' ಎಂದು ಕಣ್ಣೊರೆಸಿಕೊಂಡಳು. ಜೊತೆಯಲ್ಲಿ ಠಾಣೆಗೆ ಹೋದೆ. ಅಲ್ಲಿದ್ದವರು ಕೇಳಿದ್ದೂ ಅದೇ ಪ್ರಶ್ನೆ. ಮೊತ್ತ ಹೇಳಿದಾಗ, 'ಲಕ್ಷಗಟ್ಟಲೆ ಕಳೆದುಕೊಂಡವರೇ ಸಾಲಾಗಿದ್ದಾರೆ ಮೇಡಂ' ಎಂದು ಮೇಜಿನ ಮೇಲಿನ ಫೈಲುಗಳನ್ನು ತೋರಿಸಿದರು. ಆ ಮಾತಿನಲ್ಲಿ ಕಠೋರತನವಿರಲಿಲ್ಲ, ದಣಿವಿತ್ತು.

ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಅರವತ್ತು ಮಕ್ಕಳ ತರಗತಿಯಲ್ಲಿ ನಿಂತವಳಿಗೆ, ಎಲ್ಲರ ಕಡೆಗೂ ಒಂದೇ ಸಮನೆ ನೋಡಲು ಎರಡು ಕಣ್ಣು ಸಾಲದೆಂಬುದು ತಿಳಿದೇ ಇರುತ್ತದೆ. ಕೈ ಸಾಲದಾಗ ಯಾವುದನ್ನಾದರೂ ಮೊದಲು ಎತ್ತಿಕೊಳ್ಳಲೇಬೇಕು. ಆದರೆ ಮೊದಲು ಯಾವುದು ಎಂಬುದನ್ನು ಅಂಕಿಯೊಂದೇ ತೀರ್ಮಾನಿಸಬೇಕೆ? ಇಪ್ಪತ್ತು ಲಕ್ಷ ಕಳೆದುಕೊಂಡ ವ್ಯಾಪಾರಿಯ ಮನೆಯಲ್ಲಿ ಮರುದಿನ ಒಲೆ ಉರಿಯಬಹುದು. ಹದಿನಾಲ್ಕು ಸಾವಿರ ಕಳೆದುಕೊಂಡ ಮನೆಯಲ್ಲಿ ಒಂದು ಹುಡುಗಿಯ ಓದೇ ನಿಂತುಹೋಗಬಹುದು.

ಇದು ಬರಿಯ ಕನಿಕರದ ಮಾತಲ್ಲ. ಸೈಬರ್ ಕಳ್ಳ ಒಬ್ಬರಿಂದ ಕೋಟಿ ದೋಚಬೇಕೆಂದಿಲ್ಲ. ಸಾವಿರಾರು ಜನರಿಂದ ಸ್ವಲ್ಪ ಸ್ವಲ್ಪ ಕಿತ್ತರೂ ಕೋಟಿಯೇ ಆಗುತ್ತದೆ. ಬೀದರಿನಲ್ಲಿ ಒಬ್ಬಳು, ಪುತ್ತೂರಿನಲ್ಲಿ ಇನ್ನೊಬ್ಬಳು ಕೊಟ್ಟ ದೂರಿನಲ್ಲಿ ಅದೇ ಫೋನ್ ನಂಬರು, ಅದೇ ಖಾತೆ ಕಂಡಾಗಲೇ ಜಾಲದ ಎಳೆ ಸಿಗುವುದು. ಸಣ್ಣ ದೂರನ್ನು ಬರೆದುಕೊಳ್ಳದೆ ಕಳಿಸಿದರೆ ದೊಡ್ಡ ಕಳ್ಳನ ಹೆಜ್ಜೆಯ ಗುರುತನ್ನೇ ಅಳಿಸಿದಂತೆ.

ಹಾಗೆಂದು ಪೊಲೀಸರಿಗೆ ಇನ್ನಷ್ಟು ಅಧಿಕಾರ ಕೊಡಿ ಎನ್ನಲು ನನಗೆ ಅಳುಕಿದೆ. ಇದೇ ಕಾಯ್ದೆಯ 66ಎ ಕಲಮು ಹಿಡಿದು, 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಇಬ್ಬರು ಯುವತಿಯರನ್ನು ಒಂದು ಫೇಸ್‌ಬುಕ್ ಬರಹಕ್ಕಾಗಿ ಬಂಧಿಸಿದ್ದರು. 2015ರಲ್ಲಿ ಸುಪ್ರೀಂ ಕೋರ್ಟು ಆ ಕಲಮನ್ನೇ ರದ್ದು ಮಾಡಿತು. ಮಾತಾಡಿದ ಹುಡುಗಿಯನ್ನು ಹಿಡಿಯಲು ಹೆಚ್ಚು ವಿದ್ಯೆ ಬೇಡ. ಅಡಗಿದ ವಂಚಕನನ್ನು ಹಿಡಿಯಲು ಬೇಕು. ಖಾತೆಯನ್ನು ಬಾಡಿಗೆಗೆ ಕೊಟ್ಟ ಬಡ ಹುಡುಗ ಸಿಕ್ಕಿಬೀಳುತ್ತಾನೆ, ಅವನ ಹಿಂದಿರುವವನು ತಪ್ಪಿಸಿಕೊಳ್ಳುತ್ತಾನೆ. ಆದ್ದರಿಂದ ನಾವು ಕೇಳಬೇಕಾದದ್ದು ತರಬೇತಿ, ಸಿಬ್ಬಂದಿ, ಪ್ರಯೋಗಾಲಯಗಳನ್ನು.

ನಮ್ಮ ಪಾಲಿನದೂ ಒಂದಿದೆ. ಹಣ ಹೋದ ಕೂಡಲೇ 1930ಕ್ಕೆ ಕರೆ ಮಾಡಿದರೆ, ಅದು ಖಾತೆಯಿಂದ ಖಾತೆಗೆ ಹಾರುವ ಮುನ್ನ ತಡೆಯುವ ಅವಕಾಶವುಂಟು. ನಮ್ಮ ನೆರೆಯವಳು ಆ ಮೂರು ದಿನಗಳನ್ನು ಕಳೆದುಕೊಂಡದ್ದು ತಿಳಿವಳಿಕೆ ಇಲ್ಲದೆ ಅಲ್ಲ, ಬೈಗುಳಕ್ಕೆ ಹೆದರಿ. 'ನಿನಗೆ ಬುದ್ಧಿ ಬೇಡವೆ?' ಎಂದು ಮನೆಯವರು ಕೇಳುತ್ತಾರೆಂಬ ಭಯ ಯಾವ ಠಾಣೆಯ ಕೊರತೆಗಿಂತಲೂ ಕಳ್ಳನಿಗೆ ಹೆಚ್ಚು ಅನುಕೂಲ ಮಾಡಿಕೊಟ್ಟಿತು. ಠಾಣೆಗೆ ಜನ, ಯಂತ್ರ ಕೊಡಬೇಕಾದದ್ದು ಸರಕಾರ. ಮೋಸಹೋದವಳು ಅದೇ ಗಳಿಗೆಯಲ್ಲಿ ಬಾಯಿಬಿಟ್ಟು ಹೇಳುವಂಥ ಮನೆಯನ್ನು ಕೊಡಬೇಕಾದವರು ನಾವು. ಅದಕ್ಕೆ ಯಾವ ಮಂಜೂರಾತಿಗೂ ಕಾಯಬೇಕಿಲ್ಲ.