ಹಾರಿಸಿದ ಹಾಳೆ

ಸತ್ತವನ ಕಾಗದ ಯಾರದು?

ಸಕಲೇಶಪುರದ ಕಡೆ ಕಾಫಿ ತೋಟದ ಲೈನ್ ಮನೆ. 1980ರ ದಶಕದ ಒಂದು ಮಳೆಗಾಲ. ಟಿಸಿಎಚ್ ಓದುತ್ತಿದ್ದ ಗೆಳೆಯ ಜ್ವರದಲ್ಲಿ ಹೋದ. ಉಳಿದದ್ದು ತಗಡಿನ ಟ್ರಂಕು. ಒಳಗೆ ಪಾಠ ಟಿಪ್ಪಣಿ ಪುಸ್ತಕ, ಜಾತಿ ಸರ್ಟಿಫಿಕೇಟು, ಚಾಕ್‌ಪೀಸಿನ ಎರಡು ತುಂಡು, ಒಂದು ಡೈರಿ. ಬಟ್ಟೆಯನ್ನೆಲ್ಲ ಅವನ ಜೊತೆಗೇ ಮಣ್ಣಿಗೆ ಹಾಕಿದ್ದರು. ಕಾಗದವನ್ನು ಅವ್ವ ಬಿಡಲಿಲ್ಲ. 'ಏನ್ ಬರ್ದವ್ನೆ, ಓದಪ್ಪಾ' ಅಂದಳು.

ಮಳೆ ಹೇಗೆ ಬರುತ್ತದೆ ಎಂಬ ಪಾಠ ಓದಿದೆ. 'ಇದ್ನ ಹೇಳ್ಕೊಡಾಕೆ ಇಸ್ಕೂಲು ಬೇಕಾ?' ಅಂತ ನಕ್ಕಳು. ಡೈರಿಯ ಒಂದು ಹಾಳೆ ಮಾತ್ರ ಹಾರಿಸಿದೆ. ಹಾಸ್ಟೆಲ್ಲಿಗೆ ಬಂದ ಅವ್ವನನ್ನು ಜೊತೆಯವರಿಗೆ 'ನಮ್ಮೂರವಳು' ಎಂದು ಹೇಳಿಬಿಟ್ಟೆ ಅಂತ ಬರೆದಿದ್ದ.

ನಾನು ಮಾಡಿದ್ದು ಕರುಣೆಯೋ, ಅಕ್ಷರಸ್ಥನ ದರ್ಪವೋ? ಓದು ಬಾರದವರಿಗೆ ಎಷ್ಟು ತಿಳಿಯಬೇಕೆಂದು ಓದಿದವನೇ ತೀರ್ಮಾನಿಸುವುದು ಹಳೇ ದಂಧೆ. ಶಾನುಭೋಗ ಓದಿ ಹೇಳಿದಷ್ಟಕ್ಕೇ ಹೆಬ್ಬೆಟ್ಟು ಒತ್ತಿದವರು ನಾವು.

1956ರಲ್ಲಿ ಬಾಬಾಸಾಹೇಬರು ತೀರಿಕೊಂಡಾಗ ಅಚ್ಚಾಗದ ಬರಹಗಳು ರಾಶಿ ಉಳಿದಿದ್ದವು. ಮಹಾರಾಷ್ಟ್ರ ಸರ್ಕಾರ ಸಂಪುಟಗಳನ್ನು ತರತೊಡಗಿದ್ದು 1979ರಲ್ಲಿ. 1987ರಲ್ಲಿ 'ರಿಡಲ್ಸ್ ಇನ್ ಹಿಂದೂಯಿಸಂ' ಬಂದಾಗ ರಾಮ, ಕೃಷ್ಣರ ಭಾಗ ಕಿತ್ತುಹಾಕಿ ಎಂದು ಗದ್ದಲವಾಯಿತು. ಕೀಳಕೂಡದು ಎಂದು ನಮ್ಮವರು ಮುಂಬಯಿಯ ಬೀದಿಗಿಳಿದರು. ಅದು ಸರಿ ಅಂದವನು ನಾನು. ಲೈನ್ ಮನೆಯಲ್ಲಿ ಹಾಳೆ ಹಾರಿಸಿದವನೂ ನಾನೇ.

ಅಲ್ಲಿ ಮುಚ್ಚಹೊರಟವರು ಬಲ್ಲಿದರು, ಇಲ್ಲಿ ನೋವು ತಾಯಿಯದು ಅನ್ನಬಹುದು. ಆದರೆ ಆ ನಾಚಿಕೆಯನ್ನು ಅವನಿಗೆ ಕಲಿಸಿದವರು ಯಾರೆಂಬುದೂ ಅದೇ ಹಾಳೆಯಲ್ಲಿತ್ತು. ಬಚ್ಚಿಟ್ಟು ಕಾಪಾಡಿದ್ದು ಯಾರನ್ನು?

ಮರುವರ್ಷ ಅವ್ವ ಆಲೂರಿನ ಕಡೆ ಮಗಳ ಮನೆಯಲ್ಲಿದ್ದಳು. ಹೋಗಿ ಆ ಹಾಳೆ ಓದಿದೆ. ಸುಮ್ಮನೆ ಕೇಳಿದಳು.

'ನಂಗೊತ್ತಿತ್ತು ಕಣಪ್ಪಾ. ಅವತ್ತು ಬಾಗ್ಲಲ್ಲೇ ಕೇಳುಸ್ಕಂಡಿದ್ದೆ.'