ಗೆದ್ದ ಮೇಲೆ ನಿಲ್ಲುವ ಧರ್ಮ

ಆಟದಲ್ಲಿ ಸೋಲು-ಗೆಲುವು ಸಹಜ. ಆದರೆ ಗೆಲುವು ನಿಶ್ಚಿತವಾದ ಮೇಲೂ ಎದುರಾಳಿಯನ್ನು ಹಣಿಯುತ್ತಲೇ ಹೋದರೆ ಅದು ಕ್ರೀಡೆಯೋ, ಹಿಂಸೆಯೋ? ಆಹಾರದಲ್ಲಿ, ನೀರು ಸೋಸುವುದರಲ್ಲಿ ನಾವು ವಹಿಸುವ ಎಚ್ಚರವನ್ನು ಮಕ್ಕಳ ಆಟದ ಬಯಲಿನಲ್ಲಿ ವಹಿಸುತ್ತಿಲ್ಲವಾದ್ದರಿಂದ ಈ ಪ್ರಶ್ನೆ ವಿಚಾರಯೋಗ್ಯವಾಗಿದೆ.

ಇದಕ್ಕೆ ದೂರದೇಶದ ಒಂದು ನಿದರ್ಶನವಿದೆ. ಅಮೆರಿಕದ ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಓಡುವವನನ್ನು ಮೈಬಲದಿಂದ ತಡೆದು ಕೆಡಹುವ ಆಟ. 1916ರ ಅಕ್ಟೋಬರ್ 7ರಂದು ಅಟ್ಲಾಂಟಾ ನಗರದಲ್ಲಿ ಬಲಿಷ್ಠವಾದ ಜಾರ್ಜಿಯಾ ಟೆಕ್ ತಂಡಕ್ಕೆ ಕಂಬರ್‌ಲ್ಯಾಂಡ್ ಎಂಬ ಸಣ್ಣ ಕಾಲೇಜು ಎದುರಾಯಿತು. ಕಂಬರ್‌ಲ್ಯಾಂಡ್ ಆ ವರ್ಷ ತನ್ನ ತಂಡವನ್ನೇ ವಿಸರ್ಜಿಸಿತ್ತು. ಆದರೆ ಒಪ್ಪಿದ ಪಂದ್ಯವನ್ನು ಆಡದಿದ್ದರೆ 3000 ಡಾಲರ್ ದಂಡ ತೆರಬೇಕಿತ್ತು. ಆದ್ದರಿಂದ ಅಭ್ಯಾಸವಿಲ್ಲದ ಕೆಲವೇ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಹೋಯಿತು. ಅರ್ಧ ಆಟ ಮುಗಿಯುವಾಗ ಅಂಕ 126-0, ಕೊನೆಗೆ 222-0. ಅಂದು ಯಾವ ನಿಯಮವೂ ಭಂಗವಾಗಲಿಲ್ಲ. ಆದರೆ ಜಾರ್ಜಿಯಾ ಟೆಕ್‌ನ ಶಿಕ್ಷಕ ಜಾನ್ ಹೈಸ್ಮನ್ ಅವರ ಮನದಲ್ಲಿ ಹಳೆಯ ಗಾಯವೊಂದಿತ್ತು. ಅದೇ ವರ್ಷ ಬೇಸ್‌ಬಾಲ್ ಆಟದಲ್ಲಿ ಅವರ ತಂಡ ಕಂಬರ್‌ಲ್ಯಾಂಡಿಗೆ 22-0ರಿಂದ ಸೋತಿತ್ತು. ಎದುರಾಳಿಗಳು ವೃತ್ತಿಪರ ಆಟಗಾರರನ್ನು ಇಳಿಸಿದ್ದರೆಂಬ ಸಂಶಯವೂ ಇತ್ತು. ಆ ಸೇಡೇ ಅಂಕಗಳಾಗಿ ಬೆಳೆಯಿತೆಂದು ಹೇಳುತ್ತಾರೆ.

ನಿಯಮ ಮುರಿಯದೆ ತಪ್ಪು ನಡೆಯಬಲ್ಲುದೆ? ಜೈನದೃಷ್ಟಿಯಲ್ಲಿ ನಡೆಯಬಲ್ಲುದು. ಪ್ರಮಾದದಿಂದ, ಕಷಾಯವಶವಾಗಿ ಪ್ರಾಣಗಳಿಗೆ ಉಂಟುಮಾಡುವ ಬಾಧೆಯೇ ಹಿಂಸೆಯೆಂದು ತತ್ತ್ವಾರ್ಥಸೂತ್ರದ ಅಭಿಪ್ರಾಯ. ದ್ರವ್ಯಹಿಂಸೆಗೆ ಮೊದಲೇ ಭಾವಹಿಂಸೆ ಸಂಭವಿಸಿರುತ್ತದೆ. ಆಟದಲ್ಲಿ ಮೈಗೆ ಮೈ ತಾಗುವುದೇ ದೋಷವಲ್ಲ. ಕ್ರೋಧ-ಮಾನಗಳು ಕೈಗೆ ಬಲ ಕೊಟ್ಟಾಗ ದೋಷ.

ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಹುಡುಗರಿಗೆ ಚಿರಪರಿಚಿತವಾದ ಕಬಡ್ಡಿಯನ್ನೇ ನೋಡೋಣ. ಅದೂ ಮೈಬಲದ ಆಟವೇ. ಆದರೂ ಆಕ್ರಮಣಕ್ಕೆ ಬಂದವನ ಬಾಯಿ ಮುಚ್ಚಿ ಉಸಿರು ಕಟ್ಟಿಸುವುದು ನಿಯಮಬಾಹಿರ. ನಮ್ಮ ಶಾಸ್ತ್ರ ಎಣಿಸುವ ದಶಪ್ರಾಣಗಳಲ್ಲಿ ಶ್ವಾಸೋಚ್ಛ್ವಾಸವೂ ಒಂದೆಂಬುದನ್ನು ನೆನೆದರೆ ಈ ನಿಯಮದ ಸೊಗಸು ತಿಳಿಯುತ್ತದೆ. ಒಂದು ತಂಡದ ಏಳೂ ಮಂದಿ ಔಟಾದರೆ ಎದುರು ತಂಡಕ್ಕೆ 2 ಹೆಚ್ಚಿನ ಅಂಕ ದೊರೆಯುತ್ತದೆ. ಇದಕ್ಕೆ ಲೋನಾ ಎಂದು ಹೆಸರು. ಒಡನೆಯೇ ಔಟಾದ ಏಳು ಮಂದಿಯೂ ಅಂಕಣಕ್ಕೆ ಮರಳುತ್ತಾರೆ. ಬರಿದಾದ ಅಂಕಣದ ಮೇಲೆ ಅಂಕ ಪೇರಿಸಲು ಆಟವೇ ಅವಕಾಶ ಕೊಡದು. ಸೋತವನನ್ನು ಎಬ್ಬಿಸಿ ನಿಲ್ಲಿಸಿದ ಮೇಲೆಯೇ ಮುಂದಿನ ಆಟ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಬಲವುಳ್ಳವನು ಬೇಕೆಂದೇ ಸಡಿಲವಾಗಿ ಆಡಿದರೆ ಅದು ಮಾಯಾಕಷಾಯವಲ್ಲವೆ? ಎದುರಾಳಿಗೆ ಕರುಣೆಯ ಸೋಗಿನಲ್ಲಿ ಮಾಡಿದ ಅವಮಾನವಲ್ಲವೆ? ಆಕ್ಷೇಪ ಸಾಧುವಾದುದೇ. ಸುಳ್ಳು ದೌರ್ಬಲ್ಯವೂ ಅಸತ್ಯವೇ ಸರಿ.

ಇದಕ್ಕೆ ಉತ್ತರ ಬಾದಾಮಿಯ ಮೇಣಬಸದಿಯಲ್ಲಿ ನಿಂತಿದೆ. ಅಲ್ಲಿನ ನಾಲ್ಕನೆಯ ಗುಹೆಯಲ್ಲಿ, ಹಾಗೆಯೇ ಐಹೊಳೆಯ ಜೈನಗುಹೆಯಲ್ಲಿ, ಚಾಲುಕ್ಯರ ಕಾಲದ ಶಿಲ್ಪಿಗಳು ಬಳ್ಳಿ ಸುತ್ತಿದ ಬಾಹುಬಲಿಯನ್ನು ಕಡೆದಿದ್ದಾರೆ. ಇವು ಕ್ರಿ.ಶ. 981ರ ಶ್ರವಣಬೆಳಗೊಳದ ಮೂರ್ತಿಗಿಂತ ಹಳೆಯವು. ಭರತ-ಬಾಹುಬಲಿಯರ ಕಥೆ ನಮಗೆಲ್ಲ ತಿಳಿದುದೇ. ಸೈನ್ಯಗಳ ರಕ್ತಪಾತ ಬೇಡವೆಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ನಿಶ್ಚಯವಾದವು. ಬಾಹುಬಲಿ ಮೂರರಲ್ಲಿಯೂ ಪೂರ್ಣಶಕ್ತಿಯಿಂದ ಸೆಣಸಿದನು, ಸೋಗು ಹಾಕಲಿಲ್ಲ. ಆದರೆ ಅಣ್ಣನನ್ನು ಎತ್ತಿಹಿಡಿದ ಕ್ಷಣದಲ್ಲಿ, ನೆಲಕ್ಕೆ ಅಪ್ಪಳಿಸಬಲ್ಲವನಾಗಿದ್ದೂ ಅಪ್ಪಳಿಸದೆ ಹೆಗಲ ಮೇಲಿರಿಸಿಕೊಂಡನು. ಗೆಲ್ಲುವವರೆಗೆ ಬಲ, ಗೆದ್ದ ಮೇಲೆ ಸಂಯಮ: ಇವೆರಡಕ್ಕೂ ವಿರೋಧವಿಲ್ಲ. ಸೋಲನ್ನು ಸೈರಿಸದೆ ಚಕ್ರವನ್ನು ಎಸೆದವನು ಭರತ. 22-0ರ ನೋವನ್ನು 222-0 ಮಾಡಿದ್ದೂ ಸೋತವನ ಕೈಯಿಂದ ಹೊರಟ ಚಕ್ರವೇ. ಆದ್ದರಿಂದ ಗೆದ್ದವನಿಗೆ ಸಂಯಮ ಬೇಕಾದಷ್ಟೇ ಸೋತವನಿಗೆ ಸೈರಣೆಯೂ ಬೇಕು.

ಮಹಾವೀರ ಜಯಂತಿಯಂತಹ ಸಂದರ್ಭಗಳಲ್ಲಿ ಮಕ್ಕಳಿಗೆ ಸ್ಪರ್ಧೆಗಳನ್ನು ಏರ್ಪಡಿಸುವ ಬಸದಿ ಟ್ರಸ್ಟುಗಳು ಇದನ್ನು ಗಮನಿಸಬೇಕು. ಗೆಲುವು ಖಚಿತವಾದಾಗ ಬಲ್ಲ ಆಟಗಾರರನ್ನು ಹೊರಗಿರಿಸಿ ಕಿರಿಯರಿಗೆ ಅವಕಾಶ ಕೊಡಬಹುದು. ಹೊಸಬರು ತಮ್ಮ ಪೂರ್ಣ ಬಲದಿಂದಲೇ ಆಡುವುದರಿಂದ ಅದು ಸೋಗಲ್ಲ. ಸೋತ ತಂಡವನ್ನು ಮೊದಲು ಕರೆದು ಗೌರವಿಸಬಹುದು. ಮನೆಯಲ್ಲಿ ತಂದೆತಾಯಿಗಳು ಮಗುವನ್ನು “ಎಷ್ಟು ಅಂಕದಿಂದ ಗೆದ್ದೆ?” ಎಂದು ಕೇಳುವ ಮೊದಲು “ಸೋತವರ ಕೈ ಕುಲುಕಿದೆಯಾ?” ಎಂದು ಕೇಳಲಿ. ಅಣುವ್ರತದ ಮೊದಲ ಪಾಠ ಆಟದ ಅಂಗಳದಲ್ಲಿಯೇ ಆರಂಭವಾಗಲಿ.